ಮೇಣ ಸವರಿದ ಕಂಚಿನ ಮನುಷ್ಯ

(ಸಾರ್ವಜನಿಕ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ಕೈಯಲ್ಲಿ ತೋರಿಸಿದ್ದನ್ನು ಇಲ್ಲಿ ಮಾತಿಗೆ ಇಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಚೀನಾದ ಸೂಜಿ ಚಿಕಿತ್ಸೆಯನ್ನು, ಅಂದರೆ ಆಕ್ಯುಪಂಕ್ಚರನ್ನು, ಕಣ್ಣಿಗೆ ಹಾಕಿಕೊಳ್ಳುವ ಹೆಡ್‌ಸೆಟ್ಟಿನಿಂದ ಕಲಿಸುವುದು ಹೇಗೆ ಎಂಬುದು ಇವತ್ತಿನ ವಿಷಯ. ಮಾತು ಶುರು ಮಾಡುವ ಮೊದಲು ನಿಮ್ಮಿಂದ ಒಂದು ಕೆಲಸ ಆಗಬೇಕು. ಎಡಗೈಯನ್ನು ಅಂಗೈ ಮೇಲಾಗಿ ತೊಡೆಯ ಮೇಲೆ ಇಟ್ಟುಕೊಳ್ಳಿ. ಮಣಿಕಟ್ಟಿನಲ್ಲಿ ಅಂಗೈಗೆ ತಾಗಿಕೊಂಡು ಒಂದು ಗೆರೆ ಇದೆಯಲ್ಲ, ಅಲ್ಲಿಂದ ಮೊಣಕೈ ಕಡೆಗೆ ಬಲಗೈಯ ಮೂರು ಬೆರಳು ಅಡ್ಡ ಇಡಿ. ಉಂಗುರ ಬೆರಳು ಗೆರೆಗೆ ತಾಗಿರಲಿ. ತೋರುಬೆರಳಿನ ಅಂಚು ಎಲ್ಲಿಗೆ ಬಂತೋ ಅಲ್ಲಿ ನಿಲ್ಲಿಸಿ. ಈಗ ಎಡಗೈ ಮುಷ್ಟಿ ಬಿಗಿದು ಸ್ವಲ್ಪ ಒಳಕ್ಕೆ ಬಾಗಿಸಿ. ನಡುವೆ ಎರಡು ಹುರಿ ಎದ್ದು ಕಾಣುತ್ತವೆ. ನಾವು ಮನೆಯಲ್ಲಿ 'ನರ ಎದ್ದಿದೆ' ಅನ್ನುವುದು ಇದಕ್ಕೇ. ಆದರೆ ಅವು ನರಗಳಲ್ಲ, ಸ್ನಾಯುವನ್ನು ಎಲುಬಿಗೆ ಕಟ್ಟುವ ರಜ್ಜುಗಳು. ಆ ಎರಡರ ನಡುವಿನ ಸಣ್ಣ ತಗ್ಗಿನಲ್ಲಿ ಬೆರಳು ಒತ್ತಿ ಹಿಡಿಯಿರಿ.

ನೀವೀಗ ಒತ್ತಿದ ಜಾಗಕ್ಕೆ ಚೀನೀ ವೈದ್ಯದಲ್ಲಿ ನೇಯ್‌ಗುವಾನ್ ಎಂದು ಹೆಸರು. ಒಳಬಾಗಿಲು ಎಂದು ಅರ್ಥ ಹೇಳಬಹುದು. ಇಂದಿನ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಪಿಸಿ 6. ವಾಕರಿಕೆ ತಡೆಯಲು ಸೂಜಿ ಹಾಕುವ, ಇಲ್ಲವೇ ಒತ್ತುವ ಹೆಸರಾದ ಬಿಂದು ಇದು. ಶಸ್ತ್ರಚಿಕಿತ್ಸೆ ಆದಮೇಲೆ ಬರುವ ವಾಂತಿಯ ವಿಷಯದಲ್ಲಿ ಇದರ ಮೇಲೆ ಬಹಳಷ್ಟು ಪರೀಕ್ಷೆಗಳು ನಡೆದು, ಅಂಥ ಪರೀಕ್ಷೆಗಳನ್ನೆಲ್ಲ ಒಟ್ಟು ಸೇರಿಸಿ ತೂಗಿ ನೋಡುವ ಕಾಕ್ರೇನ್ ಸಮೀಕ್ಷೆಯವರೆಗೂ ಹೋಗಿದೆ. ಎರಡು ಹುರಿ ಕಾಣದವರು ಗಾಬರಿಯಾಗಬೇಡಿ. ಕೆಲವರಿಗೆ ಒಂದೇ ಹುರಿ ಇರುತ್ತದೆ. ಅದರ ಮಾತು ಆಮೇಲೆ ಆಡೋಣ.

ನಾನು ಓದುವಾಗ ಮೊದಲ ಸಲ ಮನುಷ್ಯರ ಮೈಗೆ ಸೂಜಿ ಹಾಕಿದ್ದು ಈ ಜಾಗಕ್ಕೇ. ಅದಕ್ಕೆ ಮುಂಚೆ ವಾರಗಟ್ಟಲೆ ಹತ್ತಿಯ ಉಂಡೆಗೆ, ಮಡಿಸಿ ದಾರ ಸುತ್ತಿದ ಕಾಗದದ ಕಟ್ಟಿಗೆ ಚುಚ್ಚಿ ಕೈ ಪಳಗಿಸಿಕೊಂಡಿದ್ದೆ. ಗೋಡೆಯ ಪಟದಲ್ಲಿ ಬಿಂದು ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಎದುರಿಗೆ ಕೂತವಳು ನನ್ನ ಸಹಪಾಠಿ. ಸೂಜಿ ಚರ್ಮ ದಾಟಿ ಸ್ವಲ್ಪ ಒಳಗೆ ಹೋಯಿತೋ ಇಲ್ಲವೋ, ಅವಳ ಕೈ ಕರೆಂಟು ಹೊಡೆದ ಹಾಗೆ ಜಗ್ಗಿತು. ನಡುಬೆರಳ ತುದಿಯವರೆಗೆ ಝುಮ್ಮೆಂದಿತು ಎಂದಳು. ನಾನು ಸೂಜಿ ಕಿತ್ತು ಹಿಡಿದುಕೊಂಡೇ ನಿಂತೆ. ಆ ಎರಡು ರಜ್ಜುಗಳ ಕೆಳಗೆ ಮೀಡಿಯನ್ ನರ ಹರಿಯುತ್ತದೆ, ಅಂಗೈಗೂ ಮೊದಲ ಮೂರೂವರೆ ಬೆರಳಿಗೂ ಸ್ಪರ್ಶ ಕೊಡುವ ನರ. ಅಂಗರಚನೆಯ ಪರೀಕ್ಷೆಯಲ್ಲಿ ನಾನು ಅದನ್ನು ಬರೆದಿದ್ದೆ. ಆಕ್ಯುಪಂಕ್ಚರ್ ಪರೀಕ್ಷೆಯಲ್ಲಿ ನೇಯ್‌ಗುವಾನ್ ಬರೆದಿದ್ದೆ. ಒಂದು ಪುಸ್ತಕದ ನರವೂ ಇನ್ನೊಂದು ಪುಸ್ತಕದ ಬಿಂದುವೂ ಒಂದೇ ಕೈಯಲ್ಲಿ, ಬೆರಳಗಲದ ಜಾಗದಲ್ಲಿ, ಒಂದರ ಕೆಳಗೆ ಒಂದು ಇವೆ ಎನ್ನುವುದು ನನಗೆ ಹೊಳೆದಿರಲಿಲ್ಲ. ಗೆಳತಿಗೆ ಏನೂ ಆಗಲಿಲ್ಲ, ಸಂಜೆ ಹೊತ್ತಿಗೆ ಸರಿಹೋದಳು. ನನಗೆ ಮಾತ್ರ ಆ ಜಗ್ಗು ಇವತ್ತಿಗೂ ಕೈಯಲ್ಲಿದೆ. ಕಲಿಸುವವಳಾದ ಮೇಲೆ ನಾನು ಕೇಳಿಕೊಳ್ಳುತ್ತಾ ಬಂದದ್ದು ಇಷ್ಟೇ: ಚರ್ಮದ ಮೇಲಿನ ಬಿಂದುವನ್ನೂ ಒಳಗಿನ ನರವನ್ನೂ ಒಟ್ಟಿಗೇ ಕಲಿಸುವುದು ಹೇಗೆ?

ಚೀನಾದವರು ಈ ಪ್ರಶ್ನೆಯನ್ನು ಸಾವಿರ ವರ್ಷದ ಹಿಂದೆಯೇ ಎತ್ತಿಕೊಂಡಿದ್ದರು. ಇವತ್ತಿನ ಹೆಡ್‌ಸೆಟ್ಟಿಗೆ ಬರುವ ಮುಂಚೆ ಆ ಕತೆಯನ್ನು ಸಾವಕಾಶವಾಗಿ ಹೇಳುತ್ತೇನೆ. ಅದನ್ನು ಬಿಟ್ಟರೆ ಹೆಡ್‌ಸೆಟ್ ಬರೀ ಹೊಳಪಿನ ಸಾಮಾನು.

ಸೋಂಗ್ ರಾಜವಂಶದ ಕಾಲ, ರಾಜಧಾನಿ ಕೈಫೆಂಗ್. ಕೈಬರಹದ ಪುಸ್ತಕಗಳು ನಕಲಾಗುತ್ತಾ ಆಗುತ್ತಾ ಬಿಂದುಗಳ ಜಾಗ ಒಂದೊಂದರಲ್ಲಿ ಒಂದೊಂದು ಥರ ಆಗಿಹೋಗಿತ್ತು. ಚಕ್ರವರ್ತಿ ರೆನ್‌ಜೋಂಗ್ ಇದನ್ನು ಸರಿಪಡಿಸುವ ಹೊಣೆಯನ್ನು ಆಸ್ಥಾನದ ವೈದ್ಯಾಧಿಕಾರಿ ವಾಂಗ್ ವೇಯ್‌ಯಿಗೆ ಒಪ್ಪಿಸಿದ. ವಾಂಗ್ 1026ರಲ್ಲಿ ಬಿಂದುಗಳ ಗ್ರಂಥ ಮುಗಿಸಿದ. ಅದನ್ನು ಕಲ್ಲಿನಲ್ಲೂ ಕೆತ್ತಿಸಿದರು, ಯಾರು ಬೇಕಾದರೂ ಬಂದು ತಾಳೆ ನೋಡಲಿ ಎಂದು. ಮರುವರ್ಷ, 1027ರಲ್ಲಿ, ಆಳೆತ್ತರದ ಎರಡು ಕಂಚಿನ ಮನುಷ್ಯರನ್ನು ಎರಕ ಹೊಯ್ಯಿಸಿದರು. ಒಂದು ವೈದ್ಯಾಧಿಕಾರಿಗಳ ಕಚೇರಿಗೆ, ಇನ್ನೊಂದು ಕೈಫೆಂಗ್‌ನ ದಾಶಿಯಾಂಗ್‌ಗುವೊ ದೇವಾಲಯಕ್ಕೆ. ಮೈಮೇಲೆಲ್ಲ ಬಿಂದುಗಳಿದ್ದ ಕಡೆ ತೂತು, ಪಕ್ಕದಲ್ಲಿ ಹೆಸರು. ಎಡಬಲ ಎರಡೂ ಸೇರಿಸಿ 657 ತೂತು, ಹೆಸರುಗಳು 354.

ಮುಂಭಾಗ, ಹಿಂಭಾಗ ಎಂದು ಎರಡು ಚಿಪ್ಪಿನ ಹಾಗೆ ಮಾಡಿ ಜೋಡಿಸಿದ ಪ್ರತಿಮೆ ಅದು. ಕೂಡಿಸಿದರೆ ಇಡೀ ಮನುಷ್ಯ, ಬಿಚ್ಚಿದರೆ ಒಳಗೆ ಅಂಗಾಂಗಗಳು. ಪರೀಕ್ಷೆ ಹೇಗೆ ನಡೆಯುತ್ತಿತ್ತು ಎಂದು ದಕ್ಷಿಣ ಸೋಂಗ್ ಕಾಲದ ಲೇಖಕ ಝೋ ಮಿ ಬರೆದಿಟ್ಟಿದ್ದಾನೆ. ಮೈಗೆಲ್ಲ ಹಳದಿ ಮೇಣ ಸವರುತ್ತಿದ್ದರು. ಒಳಗೆ ನೀರು ತುಂಬುತ್ತಿದ್ದರು, ಕೆಲವು ಪ್ರತಿಗಳಲ್ಲಿ ಪಾದರಸ ಎಂದಿದೆ. ವಿದ್ಯಾರ್ಥಿ ಅಳತೆ ಹಿಡಿದು ಸೂಜಿ ಚುಚ್ಚಬೇಕು. ಜಾಗ ಸರಿಯಾಗಿದ್ದರೆ ಸೂಜಿ ಒಳಗೆ ಹೋಗಿ ನೀರು ಹೊರಗೆ ಬರುತ್ತದೆ. ಕೂದಲೆಳೆ ತಪ್ಪಿದರೂ ಸೂಜಿ ಕಂಚಿಗೆ ತಾಗಿ ನಿಲ್ಲುತ್ತದೆ.

ನಾನು ನಿಮ್ಮ ಗಮನ ಸೆಳೆಯುವುದು ಆ ಮೇಣದ ಕಡೆಗೆ. ಅಷ್ಟು ಖರ್ಚು ಮಾಡಿ, ತೂತು ಕೊರೆದು, ಹೆಸರು ಬರೆದು, ಕೊನೆಗೆ ಎಲ್ಲವನ್ನೂ ಮುಚ್ಚಿಬಿಡುತ್ತಿದ್ದರು. ತೋರಿಸುವ ಕೆಲಸಕ್ಕೆ ಪಟ ಸಾಕಿತ್ತು, ಕಲ್ಲಿನ ಶಾಸನವೂ ಇತ್ತು. ಕಂಚಿನ ಮನುಷ್ಯ ಬೇಕಾದದ್ದು ಮುಚ್ಚಿ ಕೇಳುವುದಕ್ಕೆ. ಮುಚ್ಚಿದ ಮೇಲೆ ವಿದ್ಯಾರ್ಥಿಗೆ ಆಸರೆ ಅವನ ಬೆರಳು ಮಾತ್ರ: ಇದು ಎಲುಬಿನ ಅಂಚು, ಇದು ತಗ್ಗು, ಇಲ್ಲಿಂದ ಇಷ್ಟು ಅಳತೆ. ಉತ್ತರ ಹೇಳುವವರು ಗುರುಗಳಲ್ಲ, ನೀರು.

ನಮ್ಮ ಸುಶ್ರುತ ಸಂಹಿತೆಯಲ್ಲೂ ಇಂಥ ಒಂದು ಅಧ್ಯಾಯ ಇದೆ. ಛೇದನ ಕಲಿಯಲು ಬೂದುಗುಂಬಳ, ಸೋರೆಕಾಯಿ, ಕಲ್ಲಂಗಡಿಯಂಥ ಕಾಯಿಗಳನ್ನು ಹೇಳುತ್ತದೆ. ಸಿರಾವೇಧಕ್ಕೆ, ಅಂದರೆ ರಕ್ತನಾಳ ಚುಚ್ಚುವುದಕ್ಕೆ, ಸತ್ತ ಪ್ರಾಣಿಯ ರಕ್ತನಾಳ, ತಾವರೆಯ ದಂಟು. ಪಟ್ಟಿ ಕಟ್ಟಲು ಆಳಿನಂಥದೇ ಗೊಂಬೆ. ಶಾಸ್ತ್ರ ಎಷ್ಟೇ ಓದಿದ್ದರೂ ಅಭ್ಯಾಸವಿಲ್ಲದವನು ಕೆಲಸಕ್ಕೆ ಒದಗುವುದಿಲ್ಲ ಎಂದು ಅಲ್ಲಿಯ ನಿಲುವು. ಇದನ್ನು ಯಾರು ಮೊದಲು ಎಂಬ ಜಗಳಕ್ಕೆ ಹೇಳುತ್ತಿಲ್ಲ. ಕೈಯಿಂದ ಮಾಡುವ ವೈದ್ಯ ಎಲ್ಲಿದ್ದರೂ ಕೈಗೆ ಬೇರೆ ಪಾಠ ಬೇಕೆಂದು ಅಲ್ಲಿಯವರಿಗೆ ಗೊತ್ತಾಗಿದೆ.

ಈಗ ಹೆಡ್‌ಸೆಟ್. ಮಿಕ್ಸೆಡ್ ರಿಯಾಲಿಟಿ, ಮಿಶ್ರ ವಾಸ್ತವ ಎಂದು ಕರೆಯೋಣ. ಈ ಹೆಸರನ್ನು 1994ರಲ್ಲಿ ಪಾಲ್ ಮಿಲ್‌ಗ್ರಾಮ್ ಮತ್ತು ಫುಮಿಯೊ ಕಿಶಿನೊ ಒಂದು ಲೇಖನದಲ್ಲಿ ವ್ಯವಸ್ಥಿತವಾಗಿ ಇಟ್ಟರು. ಒಂದು ತುದಿಯಲ್ಲಿ ಬರೀ ನಿಜದ ಲೋಕ, ಇನ್ನೊಂದು ತುದಿಯಲ್ಲಿ ಬರೀ ಕಂಪ್ಯೂಟರ್ ಕಟ್ಟಿದ ಲೋಕ, ನಡುವೆ ಎರಡೂ ಬೆರೆತ ಹಾದಿ. ವಿ.ಆರ್., ಅಂದರೆ ವರ್ಚುವಲ್ ರಿಯಾಲಿಟಿಯ ಕನ್ನಡಕ ಹಾಕಿದರೆ ಈ ಸಭಾಂಗಣ ಮಾಯವಾಗುತ್ತದೆ. ಮಿಶ್ರ ವಾಸ್ತವದಲ್ಲಿ ಸಭಾಂಗಣ ಇರುತ್ತದೆ, ನೀವೂ ಇರುತ್ತೀರಿ, ನಿಮ್ಮ ಮೊಣಕಾಲಿನ ಮೇಲೆ ಒಂದು ಹಸಿರು ಚುಕ್ಕೆ ಕೂತಿರುತ್ತದೆ. ನೀವು ಕಾಲು ಸರಿಸಿದರೆ ಚುಕ್ಕೆಯೂ ಸರಿಯಬೇಕು. ಈ 'ಸರಿಯಬೇಕು' ಎನ್ನುವುದರಲ್ಲೇ ಎಂಜಿನಿಯರುಗಳ ಅರ್ಧ ಕಷ್ಟ ಇದೆ.

ಸೂಜಿ ಕಲಿಸುವವರಿಗೆ ವಿ.ಆರ್.ಗಿಂತ ಇದು ಯಾಕೆ ಹತ್ತಿರ ಎಂದರೆ, ಇಲ್ಲಿ ನನ್ನ ಕೈ ನನಗೆ ಕಾಣುತ್ತದೆ, ಎದುರಿನವರ ಮುಖವೂ ಕಾಣುತ್ತದೆ. ಸೂಜಿ ಹಾಕುವಾಗ ಮುಖ ನೋಡುತ್ತಲೇ ಇರಬೇಕು. ಕೆಲವರಿಗೆ ಸೂಜಿ ಕಂಡರೇ ಮುಖ ಬಿಳಿಚಿ, ಬೆವರೊಡೆದು, ತಲೆ ಸುತ್ತುತ್ತದೆ. ಚೀನೀ ಪಠ್ಯಗಳಲ್ಲಿ ಅದಕ್ಕೆ ಯುನ್‌ಜೆನ್ ಎಂದು ಪ್ರತ್ಯೇಕ ಹೆಸರೇ ಇದೆ. ತುಟಿ ಬಣ್ಣಗೆಡುವುದನ್ನು ನೋಡಿ ತಕ್ಷಣ ಸೂಜಿ ತೆಗೆದು ಮಲಗಿಸುವುದು ಮೊದಲ ಪಾಠ.

ಇದಕ್ಕಿಂತ ದೊಡ್ಡ ಕಾರಣ ಅಳತೆಯದು. ಚೀನೀ ವೈದ್ಯದ ಅಳತೆಗೆ ತ್ಸುನ್ ಎಂದು ಹೆಸರು. ಅದಕ್ಕೆ ಸೆಂಟಿಮೀಟರ್ ಲೆಕ್ಕ ಇಲ್ಲ. ಹೂ ಮಾರುವವರ ಹತ್ತಿರ ಮಲ್ಲಿಗೆ ಕೊಳ್ಳುವಾಗ ಮೊಳ ಹಾಕುತ್ತಾರಲ್ಲ, ಅವರ ಕೈ ಎಷ್ಟುದ್ದವೋ ಅಷ್ಟು ಮೊಳ. ಚಿಕ್ಕ ಕೈಯವರ ಹತ್ತಿರ ಕೊಂಡರೆ ಹೂವು ಕಡಿಮೆ. ತ್ಸುನ್‌ನಲ್ಲಿ ಈ ತೊಂದರೆ ಇಲ್ಲ, ಯಾಕೆಂದರೆ ಅಲ್ಲಿ ಅಳೆಯುವ ಕೈ ರೋಗಿಯದೇ. ಆಯುರ್ವೇದದಲ್ಲಿ ಅವರವರ ಬೆರಳಿನಿಂದ ಅವರವರ ಮೈ ಅಳೆಯುವ ಸ್ವಾಂಗುಲಿ ಪ್ರಮಾಣ ಇದ್ದ ಹಾಗೆ. ರೋಗಿಯ ಹೆಬ್ಬೆರಳ ಗೆಣ್ಣಿನ ಅಗಲ ಒಂದು ತ್ಸುನ್, ನಾಲ್ಕು ಬೆರಳ ಅಗಲ ಮೂರು ತ್ಸುನ್. ಅದಕ್ಕಿಂತ ನಂಬಿಕೆಯದು ಎಲುಬಿನ ಅನುಪಾತ. ಮೊಣಕೈಯ ಗೆರೆಯಿಂದ ಮಣಿಕಟ್ಟಿನ ಗೆರೆಯವರೆಗೆ ಯಾರಿಗಾದರೂ 12 ತ್ಸುನ್, ಆರಡಿ ಆಳಿಗೂ 12, ಎಂಟು ವರ್ಷದ ಮಗುವಿಗೂ 12. ನೇಯ್‌ಗುವಾನ್ ಎಂದರೆ ಆ 12ರಲ್ಲಿ ಮಣಿಕಟ್ಟಿನ ಕಡೆಯಿಂದ 2.

ಕ್ಯಾಮೆರಾಕ್ಕೆ ಇದು ಎಷ್ಟು ಒಗ್ಗುವ ಲೆಕ್ಕ ನೋಡಿ. ಅದು ಮೊಣಕೈ ಗುರುತಿಸುತ್ತದೆ, ಮಣಿಕಟ್ಟು ಗುರುತಿಸುತ್ತದೆ, ನಡುವಿನ ದೂರವನ್ನು ಹನ್ನೆರಡು ಪಾಲು ಮಾಡುತ್ತದೆ. ಗೋಡೆಯ ಪಟದಲ್ಲಿ ಒಬ್ಬನೇ ಮನುಷ್ಯ, ಕಂಚಿನಲ್ಲೂ ಒಬ್ಬನೇ ಮನುಷ್ಯ, ಅದೂ ಮೈಕಟ್ಟಿನ ಗಂಡಸು. ಹೆಡ್‌ಸೆಟ್ಟಿನಲ್ಲಿ ಇವತ್ತು ತೆಳ್ಳಗಿನ ಅಜ್ಜಿಯ ಕೈ, ನಾಳೆ ಕುಸ್ತಿಯಾಳಿನ ತೋಳು, ಎರಡಕ್ಕೂ ಅದೇ ಪಾಲು ಹಾಕಿ ನೋಡಬಹುದು. ತ್ಸುನ್ ಎಂದರೇನು ಎಂದು ತರಗತಿಯಲ್ಲಿ ಎಷ್ಟು ವಿವರಿಸಿದರೂ ಕೆಲವು ಮಕ್ಕಳು ಸ್ಕೇಲ್ ತೆಗೆಯುತ್ತಾರೆ. ಎರಡು ಬೇರೆ ಬೇರೆ ಕೈ ಮೇಲೆ ಹನ್ನೆರಡು ಗೆರೆ ಹಿಗ್ಗುವುದು, ಕುಗ್ಗುವುದು ಒಮ್ಮೆ ಕಂಡರೆ ಮತ್ತೆ ಸ್ಕೇಲಿಗೆ ಕೈ ಹೋಗುವುದಿಲ್ಲ.

ಇನ್ನು ಒಳಗಿನದು. ನಿಮ್ಮ ಕೈಯನ್ನು ಭುಜದ ಮೇಲೆ ಇಡಿ, ಕತ್ತಿನ ಬುಡಕ್ಕೂ ಭುಜದ ತುದಿಗೂ ನಡುವೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂತವರಿಗೆ ಅಲ್ಲಿ ಗಂಟು ಸಿಗುತ್ತದೆ. ಆ ಜಾಗಕ್ಕೆ ಜಿಯೆನ್‌ಜಿಂಗ್ ಎಂದು ಹೆಸರು, ಜಿಬಿ 21. ಕುತ್ತಿಗೆ ನೋವು ಎಂದು ಬಂದವರಿಗೆ ಕೈ ಮೊದಲು ಹೋಗುವ ಬಿಂದುಗಳಲ್ಲಿ ಒಂದು. ಅದರ ಕೆಳಗೆ ಏನಿದೆ? ಶ್ವಾಸಕೋಶದ ತುದಿ. ಅದು ಕೊರಳೆಲುಬಿಗಿಂತ ಮೇಲಕ್ಕೆ ಬಂದಿರುತ್ತದೆ. ಸೂಜಿ ನೇರ ಆಳಕ್ಕೆ ಹೋದರೆ ಶ್ವಾಸಕೋಶದ ಪೊರೆ ತೂತಾಗಿ ಎದೆಗೂಡಿನಲ್ಲಿ ಗಾಳಿ ಸೇರುತ್ತದೆ. ನ್ಯುಮೋಥೊರಾಕ್ಸ್ ಎನ್ನುತ್ತಾರೆ. ಆಕ್ಯುಪಂಕ್ಚರ್‌ನಿಂದ ಆಗುವ ಗಂಭೀರ ಅಪಾಯಗಳಲ್ಲಿ ಇದು ಮುಖ್ಯವಾದುದು. ಪಠ್ಯದಲ್ಲಿ ಒಂದು ಸಾಲು ಇರುತ್ತದೆ: ಆಳವಾಗಿ ಚುಚ್ಚಬಾರದು. ವಿದ್ಯಾರ್ಥಿ ಅದನ್ನು ಬಾಯಿಪಾಠ ಮಾಡುತ್ತಾನೆ.

ಒಂದು ಕಾರ್ಯಾಗಾರದಲ್ಲಿ ನಾನು ಹೆಡ್‌ಸೆಟ್ ಹಾಕಿ ಇದೇ ಭುಜವನ್ನು ನೋಡಿದೆ. ಎದುರಿಗೆ ಸ್ಟೂಲಿನ ಮೇಲೆ ಒಬ್ಬ ಹುಡುಗ ಬೆನ್ನು ಹಾಕಿ ಕೂತಿದ್ದ. ಅವನ ಅಂಗಿಯ ಮೇಲೆ, ಅಂಗಿಯನ್ನೂ ಚರ್ಮವನ್ನೂ ಹಾದು, ಗುಲಾಬಿ ಬಣ್ಣದ ಎರಡು ಶ್ವಾಸಕೋಶ ಮೂಡಿದವು. ಅದು ಅವನ ಸ್ವಂತದ್ದಲ್ಲ, ಮಾದರಿ ಶರೀರದ್ದು, ಅವನ ಅಳತೆಗೆ ಹೊಂದಿಸಿದ್ದು. ಆದರೂ ನಾನು ಬೆರಳನ್ನು ಜಿಯೆನ್‌ಜಿಂಗ್ ಮೇಲೆ ಇಟ್ಟಾಗ, ಬೆರಳಿನ ನೇರ ಕೆಳಗೆ ಆ ದುಂಡು ತುದಿ ಕಂಡಿತು. ಬೆರಳಿಗೆ ಬಿಸಿ ಚರ್ಮ ತಾಗುತ್ತಿದೆ, ಕಣ್ಣಿಗೆ ಒಳಗಿನ ಗುಲಾಬಿ ಕಾಣುತ್ತಿದೆ. ನನ್ನ ಕೈ ತಾನಾಗಿಯೇ ಹಗುರವಾಯಿತು. ಇಪ್ಪತ್ತು ವರ್ಷದ ಹಿಂದೆ ನೇಯ್‌ಗುವಾನ್ ಮೇಲೆ ಒಂದು ಹಳದಿ ಎಳೆಯಾಗಿ ಆ ನರ ಹೀಗೆ ಕಂಡಿದ್ದರೆ ಗೆಳತಿಯ ಕೈ ಜಗ್ಗುತ್ತಿರಲಿಲ್ಲ ಎಂದು ಆ ಕ್ಷಣ ಅನ್ನಿಸಿತು. ಕಂಚಿನ ಮನುಷ್ಯನನ್ನು ಬಿಚ್ಚಿದರೆ ಅಂಗಾಂಗ ಕಾಣುತ್ತಿತ್ತು ಎಂದೆನಲ್ಲ. ಆದರೆ ಬಿಚ್ಚಿದಾಗ ಹೊರಮೈ ಇಲ್ಲ, ಮುಚ್ಚಿದಾಗ ಒಳಮೈ ಇಲ್ಲ. ಉಸಿರಾಡುವ ಮನುಷ್ಯನ ಮೇಲೆ ಎರಡನ್ನೂ ಒಟ್ಟಿಗೆ ಕಾಣುವುದು ಹೊಸದು.

ಆಮೇಲೆ ಏನಾಯಿತು ಎಂಬುದನ್ನೂ ಹೇಳಬೇಕು. ಅಲ್ಲಿದ್ದ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಹೆಡ್‌ಸೆಟ್ ಹಾಕಿ ಬಿಂದು ತೋರಿಸಿದರು. ಎಲ್ಲರದೂ ಸರಿ. ಚುಕ್ಕೆ ಹೊಳೆಯುತ್ತಿರುವಾಗ ತಪ್ಪುವುದಾದರೂ ಹೇಗೆ? ಹೆಡ್‌ಸೆಟ್ ತೆಗೆದಿಟ್ಟು, ಅದೇ ಹುಡುಗನ ಇನ್ನೊಂದು ಭುಜದ ಮೇಲೆ ತೋರಿಸಿ ಎಂದೆ. ಬೆರಳುಗಳು ಅಲೆದಾಡತೊಡಗಿದವು. ಅವರು ಬಿಂದು ಹುಡುಕಿರಲೇ ಇಲ್ಲ, ಬೆಳಕು ಹುಡುಕಿದ್ದರು. ನನಗೆ ಮೇಣ ನೆನಪಾದದ್ದು ಅಲ್ಲಿ.

ಹೆಡ್‌ಸೆಟ್ಟಿನಲ್ಲಿ ಮೇಣ ಸವರುವುದು ಕಷ್ಟವಿಲ್ಲ. ಮೊದಲು ಎಲ್ಲ ಪದರಗಳೂ ಇರಲಿ: ಎಲುಬು, ನರ, ರಕ್ತನಾಳ, ಬಿಂದು. ಹತ್ತು ನಿಮಿಷ ಕಣ್ತುಂಬ ನೋಡಲಿ. ಆಮೇಲೆ ಎಲ್ಲ ಆರಿಸಿಬಿಡಿ. ವಿದ್ಯಾರ್ಥಿ ಬರಿಗಣ್ಣು, ಬೆರಳು ನಂಬಿ, ತೊಳೆದರೆ ಹೋಗುವ ಪೆನ್ನಿನಿಂದ ಚರ್ಮದ ಮೇಲೆ ಗುರುತು ಹಾಕಲಿ. ಗುರುತು ಹಾಕಿದ ಮೇಲೆ ಪದರ ಮತ್ತೆ ಬೆಳಗಲಿ, ಪೆನ್ನಿನ ಚುಕ್ಕೆಗೂ ಬೆಳಕಿನ ಚುಕ್ಕೆಗೂ ಎಷ್ಟು ಅಂತರ, ಯಾವ ಕಡೆಗೆ ಜಾರಿದೆ ಎಂದು ಕಾಣಲಿ. ನಮ್ಮಲ್ಲಿ ಬಹಳಷ್ಟು ಮಕ್ಕಳು ಮುಂಗೈಯಲ್ಲಿ ಮಣಿಕಟ್ಟಿನ ಕಡೆಗೇ ಜಾರುತ್ತಾರೆ, ಮೇಲಕ್ಕಲ್ಲ. ಇದು ಗೊತ್ತಾದರೆ ತಿದ್ದುವುದು ಸುಲಭ. ಉಪಕರಣ ಕೊಂಡುಕೊಳ್ಳುವ ಕಾಲೇಜಿನವರು ಮಾರಲು ಬಂದವರನ್ನು 'ಎಷ್ಟು ಚೆನ್ನಾಗಿ ತೋರಿಸುತ್ತದೆ?' ಎಂದು ಕೇಳುತ್ತಾರೆ. 'ಎಷ್ಟು ಚೆನ್ನಾಗಿ ಮುಚ್ಚುತ್ತದೆ, ಮುಚ್ಚಿದ ಮೇಲೆ ಏನು ಕೇಳುತ್ತದೆ?' ಎಂದು ಕೇಳಿ ಎಂಬುದು ನನ್ನ ಕಳಕಳಿಯ ಮನವಿ.

ಬೆರಳಿಗೆ ಉತ್ತರ ಕೊಡುವ ಪ್ರಯತ್ನವೂ ಹೊಸದಲ್ಲ. 2006ರಲ್ಲೇ ಹಾಂಗ್‌ಕಾಂಗ್‌ನ ಚೈನೀಸ್ ಯೂನಿವರ್ಸಿಟಿಯ ಸಂಶೋಧಕರು ಪರದೆಯ ಮೇಲಿನ ಶರೀರಕ್ಕೆ ಸೂಜಿ ಹಾಕಿ ಕಲಿಯುವ ವ್ಯವಸ್ಥೆಯೊಂದನ್ನು ಪ್ರಕಟಿಸಿದರು. ಕೈಯಲ್ಲಿ ಹಿಡಿದ ಕಡ್ಡಿಗೆ ಮೋಟಾರು ಜೋಡಿಸಿ, ಚರ್ಮದ ತಡೆ, ಸ್ನಾಯುವಿನ ತಡೆ ಬೇರೆ ಬೇರೆಯಾಗಿ ಕೈಗೆ ತಿಳಿಯುವಂತೆ ಮಾಡಿದ್ದರು. ಇದು ಬಹಳ ಮುಖ್ಯವಾದ ದಾರಿ. ಸೂಜಿ ಸರಿಯಾಗಿ ಕೂತಾಗ ರೋಗಿಗೆ ಭಾರ, ಜೋಮು, ಉಬ್ಬಿದಂಥ ನೋವು ಅನ್ನಿಸುತ್ತದೆ. ಅದೇ ಹೊತ್ತಿಗೆ ವೈದ್ಯನ ಬೆರಳಿಗೂ ಸೂಜಿಯನ್ನು ಒಳಗಿನಿಂದ ಯಾರೋ ಹಿಡಿದಂತೆ ಗೊತ್ತಾಗುತ್ತದೆ. ದೆ-ಚಿ ಎಂದು ಇದರ ಹೆಸರು. ಹದಿಮೂರನೆಯ ಶತಮಾನದ ವೈದ್ಯ ದೋ ಹಾನ್‌ಚಿಂಗ್ ಇದನ್ನು ಪದ್ಯದಲ್ಲಿ ಹಿಡಿದಿಟ್ಟಿದ್ದಾನೆ: ಮೀನು ಗಾಳ ನುಂಗಿದಾಗ ಮುಳುಗಿ ಏಳುವ ಹಾಗೆ. ಹೊಳೆದಂಡೆಯಲ್ಲಿ ಗಾಳ ಹಿಡಿದು ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ವರ್ಮಂಟ್ ವಿಶ್ವವಿದ್ಯಾಲಯದ ಸಂಶೋಧಕರು ಈ ಹಿಡಿತವನ್ನು ಅಳೆದು, ಸೂಜಿ ತಿರುಗಿಸಿದಾಗ ಸಂಯೋಜಕ ಅಂಗಾಂಶದ ಎಳೆಗಳು ಅದಕ್ಕೆ ಸುತ್ತಿಕೊಳ್ಳುತ್ತವೆ ಎಂದು ತೋರಿಸಿದರು. ಅಂದರೆ ಹಿಡಿತ ಕಲ್ಪನೆಯಲ್ಲ, ಅಳತೆಗೆ ಸಿಗುವಂಥದು. ಕನ್ನಡಕಕ್ಕೆ ಮಾತ್ರ ಅದು ಸಿಗುವುದಿಲ್ಲ. ಅದಕ್ಕೆ ಕಡ್ಡಿ ಬೇಕು, ಸಿಲಿಕಾನ್ ಚರ್ಮ ಬೇಕು, ಕೊನೆಗೆ ಜೀವಂತ ಕೈ ಬೇಕು.

ಈಗ ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚಿರುವ ವಿಷಯ. ಹೆಡ್‌ಸೆಟ್ಟಿನಲ್ಲಿ ನರ ಹಳದಿಯಾಗಿ ಹೊಳೆಯುತ್ತದೆ. ಅದರ ಪಕ್ಕದಲ್ಲೇ ಮೆರಿಡಿಯನ್, ಚೀನೀ ವೈದ್ಯದಲ್ಲಿ ಚಿ ಎಂಬ ಪ್ರಾಣಶಕ್ತಿ ಹರಿಯುವ ಮಾರ್ಗ, ನೀಲಿಯಾಗಿ ಹೊಳೆಯುತ್ತದೆ. ಎರಡೂ ಒಂದೇ ದಪ್ಪ, ಒಂದೇ ಹೊಳಪು. ಆದರೆ ನರವನ್ನು ಶವವಿಚ್ಛೇದನದ ಮೇಜಿನ ಮೇಲೆ ಕೈಯಲ್ಲಿ ಹಿಡಿಯಬಹುದು. ಮೆರಿಡಿಯನ್ ಎನ್ನುವ ನಾಳವನ್ನು ಅಂಗರಚನೆಯಲ್ಲಿ ಯಾರೂ ಹಾಗೆ ತೆಗೆದು ತೋರಿಸಿಲ್ಲ. ಅದು ಶತಮಾನಗಳ ರೋಗಿ ಅನುಭವವನ್ನು ಒಂದು ದಾರದಲ್ಲಿ ಪೋಣಿಸಿದ ನಕಾಶೆ. ಬಹಳ ಹಳೆಯ ನಕಾಶೆ ಕೂಡ. ಚೆಂಗ್ಡುವಿನಲ್ಲಿ ಮೆಟ್ರೊ ಕಾಮಗಾರಿಯ ವೇಳೆ ಸಿಕ್ಕ ಲಾವ್‌ಗುವಾನ್‌ಶಾನ್ ಸಮಾಧಿಯಲ್ಲಿ ಸುಮಾರು 14 ಸೆಂಟಿಮೀಟರ್ ಎತ್ತರದ, ಮೆರುಗೆಣ್ಣೆ ಬಳಿದ ಗೊಂಬೆ ದೊರೆಯಿತು. ಪಶ್ಚಿಮ ಹಾನ್ ಕಾಲದ್ದು, ಎರಡು ಸಾವಿರ ವರ್ಷಕ್ಕೂ ಹಳೆಯದು, ಮೈಮೇಲೆ ಇಂಥವೇ ಗೆರೆ, ಇಂಥವೇ ಚುಕ್ಕೆ. ಆ ಪರಂಪರೆಯ ಮೇಲೆ ನನಗೆ ಅಪಾರ ಗೌರವ ಇದೆ. ಗೌರವ ಇರುವುದರಿಂದಲೇ ನಕಾಶೆಯನ್ನು ನಕಾಶೆ ಎಂದೇ ತೋರಿಸಿ ಎನ್ನುತ್ತೇನೆ. ನರಕ್ಕೆ ಗಟ್ಟಿ ಗೆರೆ ಇರಲಿ, ಮೆರಿಡಿಯನ್‌ಗೆ ಚುಕ್ಕಿ ಗೆರೆ. ಇಷ್ಟು ಸಾಕು, ವಿದ್ಯಾರ್ಥಿ ತಾನೇ ಪ್ರಶ್ನೆ ಕೇಳುತ್ತಾನೆ.

ಚುಕ್ಕೆಗಳ ವಿಷಯದಲ್ಲೂ ಹೀಗೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಪಶ್ಚಿಮ ಪೆಸಿಫಿಕ್ ಕಚೇರಿ ಚೀನಾ, ಜಪಾನ್, ಕೊರಿಯಾದ ತಜ್ಞರನ್ನು ಕೂಡಿಸಿ ವರ್ಷಗಟ್ಟಲೆ ಚರ್ಚೆ ಮಾಡಿಸಿತು. 2006ರಲ್ಲಿ ಜಪಾನಿನ ತ್ಸುಕುಬಾದಲ್ಲಿ ಒಮ್ಮತಕ್ಕೆ ಬಂದು, 2008ರಲ್ಲಿ ಗ್ರಂಥ ಹೊರಬಂತು. ಒಟ್ಟು 361 ಬಿಂದು. ಅವುಗಳಲ್ಲಿ ಆರಕ್ಕೆ ಪೂರ್ತಿ ಒಮ್ಮತ ಸಿಗದೆ, ಇನ್ನೊಂದು ಜಾಗವನ್ನೂ ಪಕ್ಕದಲ್ಲಿ ಬರೆದಿಟ್ಟರು. ಆರರಲ್ಲಿ ಒಂದು ನಿಮ್ಮ ಅಂಗೈಯಲ್ಲೇ ಇದೆ, ಲಾವ್‌ಗುಂಗ್, ಪಿಸಿ 8. ಮುಷ್ಟಿ ಹಿಡಿಯಿರಿ. ನಡುಬೆರಳಿನ ತುದಿ ತಾಗುವಲ್ಲಿ ಎಂದು ಒಂದು ಪಕ್ಷ, ಅದರ ಪಕ್ಕದ ಎಲುಬಿನ ಸಂದಿಯಲ್ಲಿ ಎಂದು ಇನ್ನೊಂದು ಪಕ್ಷ. ಮೂರು ದೇಶದ ಹಿರಿಯರು ಎರಡು ಜಾಗ ಬರೆದಿಟ್ಟಲ್ಲಿ ಸಾಫ್ಟ್‌ವೇರ್ ಒಂದೇ ಚುಕ್ಕೆ ಇಟ್ಟು ಮಿನುಗಿಸಿದರೆ ಅದು ಕಲಿಕೆಗೆ ಮಾಡುವ ಅನ್ಯಾಯ. ಎರಡು ಚುಕ್ಕೆ ಇಡಿ, ಯಾಕೆ ಎಂದು ಮಕ್ಕಳು ಗುರುಗಳನ್ನು ಕೇಳಲಿ.

ನಾಡಿಯ ಬಗ್ಗೆ ಕೇಳುತ್ತೀರಿ ಎಂದು ಗೊತ್ತಿದೆ. ಮಣಿಕಟ್ಟಿನ ಮೇಲೆ ಮೂರು ಬೆರಳು, ಮೂರು ಸ್ಥಾನ. ಮೂರನೆಯ ಶತಮಾನದ ವೈದ್ಯ ವಾಂಗ್ ಶುಹೆ 24 ಬಗೆಯ ನಾಡಿ ಹೇಳಿದ. 1564ರಲ್ಲಿ ಲಿ ಶಿಜೆನ್ ಅದನ್ನು 27 ಮಾಡಿದ. ವಾಂಗ್ ತನ್ನ ನಾಡಿಗ್ರಂಥದ ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದಾನೆ: ಮನಸ್ಸಿಗೆ ಸುಲಭವಾಗಿ ತಿಳಿಯುತ್ತದೆ, ಬೆರಳ ಕೆಳಗೆ ಸ್ಪಷ್ಟವಾಗುವುದು ಕಷ್ಟ. ಹೆಡ್‌ಸೆಟ್ ಅಲೆಯ ಚಿತ್ರ ಬಿಡಿಸಿ ಮನಸ್ಸಿಗೆ ಇನ್ನೂ ಸುಲಭ ಮಾಡಬಲ್ಲದು. ಬೆರಳ ಕೆಳಗಿನ ಕಷ್ಟ ಹಾಗೇ ಉಳಿಯುತ್ತದೆ. ನಾಡಿ ಕಲಿಸಲು ಇದನ್ನು ಕೊಳ್ಳಬೇಡಿ ಎಂದೇ ನಾನು ಹೇಳುವುದು. ನಾಲಿಗೆಯ ಪರೀಕ್ಷೆಗಂತೂ ಬೇಡವೇ ಬೇಡ. ಕ್ಯಾಮೆರಾ ಮೂಲಕ ತೋರಿಸುವ ಹೆಡ್‌ಸೆಟ್ಟುಗಳಲ್ಲಿ ಬಣ್ಣ ಬದಲಾಗುತ್ತದೆ, ನಾಲಿಗೆ ನೋಡುವುದು ಬಣ್ಣಕ್ಕಾಗಿಯೇ. ಗಿಡಮೂಲಿಕೆಗೆ ಮೂಗೂ ನಾಲಿಗೆಯೂ ಬೇಕು. ಲಿ ಶಿಜೆನ್ 1,892 ದ್ರವ್ಯಗಳನ್ನು ಬರೆದದ್ದು ಕಾಡುಮೇಡು ತಿರುಗಿ.

ಖರ್ಚಿನ ವಿಷಯ. ವೈದ್ಯಶಿಕ್ಷಣದಲ್ಲಿ ಹೆಸರು ಮಾಡಿದ ಮೈಕ್ರೋಸಾಫ್ಟ್‌ನ ಹೊಲೊಲೆನ್ಸ್ 2 ಬಂದದ್ದು 2019ರಲ್ಲಿ, ಬೆಲೆ 3,500 ಡಾಲರ್. 2024ರಲ್ಲಿ ಅದರ ತಯಾರಿಕೆ ನಿಂತಿತು. ಐದೇ ವರ್ಷ. ಕೈಫೆಂಗ್‌ನ ಕಂಚಿನ ಮನುಷ್ಯನನ್ನು ಸವೆಯಿತು ಎಂದು ಮಿಂಗ್ ಅರಸರು ಮತ್ತೆ ಎರಕ ಹೊಯ್ಯಿಸಿದ್ದು 1443ರಲ್ಲಿ, ನಾನೂರು ವರ್ಷ ಕಳೆದ ಮೇಲೆ. ಕಲ್ಲಿನ ಶಾಸನದ ತುಂಡುಗಳಂತೂ ಬೀಜಿಂಗ್‌ನ ಹಳೆಯ ಕೋಟೆಗೋಡೆಯೊಳಗೆ ಹೂತುಹೋಗಿದ್ದು, ಇಪ್ಪತ್ತನೆಯ ಶತಮಾನದಲ್ಲಿ ಗೋಡೆ ಕೆಡವುವಾಗ ಸಿಕ್ಕವು, ಅಕ್ಷರ ಇನ್ನೂ ಓದಲು ಬರುತ್ತಿತ್ತು. ಹಾಗಾಗಿ ಪಾಠವನ್ನು ಒಂದು ಕಂಪನಿಯ ಉಪಕರಣಕ್ಕೆ ಕಟ್ಟಿಹಾಕಬೇಡಿ. ಮೂರು ಆಯಾಮದ ಮಾದರಿ, ಬಿಂದುಗಳ ಪಟ್ಟಿ, ಅಳತೆಯ ಲೆಕ್ಕ ನಿಮ್ಮ ಕೈಯಲ್ಲೇ ಇರಲಿ. ಇವತ್ತು ಹೆಡ್‌ಸೆಟ್, ನಾಳೆ ಮೊಬೈಲ್, ಎಲ್ಲಿ ಬೇಕಾದರೂ ಓಡುವ ಹಾಗೆ.

ನಮಗೂ ಇದಕ್ಕೂ ಏನು ಸಂಬಂಧ ಎಂದು ಮುಂದಿನ ಸಾಲಿನಲ್ಲಿ ಕೂತ ಹಿರಿಯರೊಬ್ಬರು ಆಗಲೇ ಕೇಳಿದರು. ಸಂಬಂಧ ಇದೆ ಸ್ವಾಮಿ. 1938ರಲ್ಲಿ ಯುದ್ಧದ ಚೀನಾಕ್ಕೆ ಹೋದ ಭಾರತೀಯ ವೈದ್ಯರ ತಂಡದಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಇದ್ದರು, ಅವರ ಜೊತೆ ಬಿಜಯ್ ಕುಮಾರ್ ಬಸು ಇದ್ದರು. ಕೋಟ್ನಿಸ್ ಅಲ್ಲೇ ತೀರಿಕೊಂಡರು. ಬಸು ಐವತ್ತರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಆಕ್ಯುಪಂಕ್ಚರ್ ಕಲಿತು ಬಂದು ಕಲ್ಕತ್ತೆಯಲ್ಲಿ ಶುರುಮಾಡಿದರು. 2019ರಲ್ಲಿ ಕೇಂದ್ರ ಸರ್ಕಾರ ಆಕ್ಯುಪಂಕ್ಚರನ್ನು ಚಿಕಿತ್ಸಾ ಪದ್ಧತಿಯಾಗಿ ಮಾನ್ಯ ಮಾಡಿತು. ನಮ್ಮ ರಾಜ್ಯದ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ಪದವಿಯ ಮಕ್ಕಳು ಇದನ್ನು ಪಠ್ಯವಾಗಿಯೇ ಓದುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಚೀನಾಕ್ಕೆ ಹೋಗಿ ಗುರುವಿನ ಪಕ್ಕ ವರ್ಷಗಟ್ಟಲೆ ನಿಲ್ಲುವ ಅವಕಾಶ ಇಲ್ಲ. ಅವರ ಸೂಜಿಯ ಕೆಳಗೆ ನಮ್ಮ ನಿಮ್ಮ ಭುಜ ಇರುತ್ತದೆ.

ಸಭೆ ಮುಗಿದ ಮೇಲೆ ಎರಡನೇ ವರ್ಷದ ಹುಡುಗಿಯೊಬ್ಬಳು ವೇದಿಕೆಯ ಹತ್ತಿರ ಬಂದಳು. ಎಡಗೈ ಮುಂದೆ ಚಾಚಿ, "ಮೇಡಂ, ನನಗೆ ಒಂದೇ ಹುರಿ ಕಾಣ್ತಿದೆ. ಆಗಿನಿಂದ ಹುಡುಕ್ತಿದೀನಿ" ಎಂದಳು. ಹೆಬ್ಬೆರಳನ್ನೂ ಕಿರುಬೆರಳನ್ನೂ ಕೂಡಿಸಿ ಮಣಿಕಟ್ಟು ಬಾಗಿಸಲು ಹೇಳಿದೆ. ಹೆಬ್ಬೆರಳ ಕಡೆಯ ರಜ್ಜು ಎದ್ದಿತು. ನಡುವಿನದು ಇಲ್ಲವೇ ಇಲ್ಲ. ಪಾಲ್ಮಾರಿಸ್ ಲಾಂಗಸ್ ಎಂಬ ಆ ಸ್ನಾಯು ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ, ಅದರಿಂದ ಯಾವ ತೊಂದರೆಯೂ ಇಲ್ಲ. ಮಾದರಿ ಶರೀರ ಹೊದಿಸುವ ಹೆಡ್‌ಸೆಟ್ ಇವಳ ಕೈ ಮೇಲೂ ಎರಡು ರಜ್ಜು ಬಿಡಿಸುತ್ತಿತ್ತು. 2008ರ ಗ್ರಂಥದಲ್ಲಿ ಇಂಥವರಿಗೆಂದೇ ಒಂದು ಟಿಪ್ಪಣಿ ಇದೆ: ಆ ರಜ್ಜು ಇಲ್ಲದಿದ್ದರೆ, ಇರುವ ರಜ್ಜುವಿನ ಒಳಪಕ್ಕಕ್ಕೆ, ಕಿರುಬೆರಳ ಕಡೆಗೆ. ಅವಳದೇ ಬೆರಳು ಹಿಡಿದು ಮೂರು ಬೆರಳಗಲ ಅಳೆಸಿದೆ, ರಜ್ಜುವಿನ ಅಂಚಿನಿಂದ ಜಾರಿಸಿದೆ. ಬೆರಳು ಒಂದು ಮೆತ್ತನೆ ತಗ್ಗಿಗೆ ಇಳಿಯಿತು.

"ಇಲ್ಲೇನಾ ಮೇಡಂ?" ಎಂದಳು.

"ನಿನ್ನ ಬೆರಳೇನು ಹೇಳುತ್ತೆ?" ಎಂದೆ. ಅವಳು ಕಣ್ಣು ಮುಚ್ಚಿ ಇನ್ನೊಮ್ಮೆ ಒತ್ತಿದಳು.